ರಾಗಿ ಕೊಯ್ಯೋಕೆ ಜನ ಬರ್ತಾರೆ, ಒಕ್ಕೋಕೆ ಜಾಗ ಎಲ್ಲಿ?

ಸಂಪಾದಕರೇ, ನಮಸ್ಕಾರ.

ನವೆಂಬರ್ ಡಿಸೆಂಬರ್ ಬಂತು ಅಂದ್ರೆ ಪೇಪರ್‌ನಲ್ಲಿ ಒಂದು ಫೋಟೊ ಖಾಯಂ. ಟೀ ಶರ್ಟ್ ಹಾಕಿರೋ ಐಟಿ ಹುಡುಗ್ರು, ತಲೆಗೆ ಟವೆಲ್ಲು, ಕೈಲಿ ಕುಡ್ಲು, ಹಿಂದೆ ರಾಗಿ ಹೊಲ, ಕೆಳಗೆ ಸುಗ್ಗಿ ಸಂಭ್ರಮ ಅಂತ ಒಂದು ಸಾಲು. ಇದನ್ನ ಆಡಿಕೊಳ್ಳೋಕೆ ಈ ಕಾಗದ ಬರೀತಿಲ್ಲ, ಅಂಥದೇ ಒಂದು ಗುಂಪಿನಲ್ಲಿ ನಾನೂ ಇದ್ದೀನಿ, ಈ ಸಲವೂ ಕೊಯ್ಲಿಗೆ ಹೋಗಿದ್ದೆ, ಖುಷಿಯಾಗೇ ಇತ್ತು. ಆದ್ರೆ ಕೊಯ್ದ ಮೇಲೆ ಆ ರಾಗಿ ಏನಾಯ್ತು ಅಂತ ಯಾವ ಫೋಟೊದಲ್ಲೂ ಬರಲ್ಲ, ಯಾರೂ ಕೇಳೋದೂ ಇಲ್ಲ. ನಾನು ಬರೀತಿರೋದು ಅದರ ಬಗ್ಗೆ.

ನಮ್ಮ ಸಾಮೂಹಿಕ ಹೊಲ ಇರೋದು ಮಾಗಡಿ ರೋಡ್ ಕಡೆ, ಸಿಟಿ ಮುಗಿದ ಹಾಗೆ ಕಾಣುತ್ತೆ ಆದ್ರೆ ಹಳ್ಳಿ ಇನ್ನೂ ಶುರುವಾಗಿಲ್ಲ ಅಂತಾರಲ್ಲ ಅಂಥ ಜಾಗದಲ್ಲಿ. ಜಮೀನಿನ ಯಜಮಾನರಿಗೆ ವಯಸ್ಸಾಗಿದೆ, ಮಕ್ಕಳು ಬೇಸಾಯ ಮಾಡಲ್ಲ, ಮಾರೋಕೂ ಮನಸ್ಸಿಲ್ಲ, ಬೀಳು ಬಿಟ್ರೆ ರಾತ್ರೋರಾತ್ರಿ ಯಾರಾದ್ರೂ ಕಟ್ಟಡದ ಡೆಬ್ರಿ ತಂದು ಸುರೀತಾರೆ, ಅದಕ್ಕೆ ಸುತ್ತಲಿನ ಅಪಾರ್ಟ್‌ಮೆಂಟು ಮತ್ತೆ ಬಡಾವಣೆಯವ್ರು ಸೇರಿ ಬೆಳ್ಕೊಳ್ಳಿ ಅಂತ ಬಿಟ್ಟುಕೊಟ್ಟಿದ್ದಾರೆ. ನಮ್ಮ ಹಸಿ ಕಸದಿಂದ ಮಾಡಿದ ಗೊಬ್ಬರ ಅಲ್ಲಿಗೇ ಹೋಗುತ್ತೆ. ಮಳೆ ನೋಡ್ಕೊಂಡು ಜುಲೈನಲ್ಲಿ ಜಿಪಿಯು-28 ಹಾಕಿದ್ವಿ. ಇದು ಜಿಕೆವಿಕೆ, ಅಂದ್ರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರಾಗಿ ತಳಿ, ಬೆಂಕಿ ರೋಗ ತಡ್ಕೊಳ್ಳುತ್ತೆ, ಹೆಚ್ಚು ಕಡಿಮೆ ನಾಲ್ಕು ತಿಂಗಳ ಬೆಳೆ. ಬರೀ ರಾಗಿ ಹಾಕೋಣ ಅಂತಿದ್ವಿ, ಪಕ್ಕದ ಹೊಲದ ಅಜ್ಜಿ ಬಿಡಲೇ ಇಲ್ಲ, ಅಕ್ಕಡಿ ಸಾಲು ಇಲ್ಲದ ರಾಗಿ ಹೊಲಾನೂ ಒಂದು ಹೊಲವಾ ಅಂತ ಬೈದು, ಮಧ್ಯೆ ಮಧ್ಯೆ ಅವರೆ, ತೊಗರಿ, ಅಂಚಿಗೆ ಹುಚ್ಚೆಳ್ಳು ಹಾಕ್ಸಿದ್ರು. ಹುಚ್ಚೆಳ್ಳು ಹೂ ಬಿಟ್ಟಾಗ ಎಷ್ಟು ಜನ ಬಂದು ಸೆಲ್ಫಿ ತಗೊಂಡ್ರೋ ಲೆಕ್ಕ ಇಲ್ಲ.

ಕೊಯ್ಲಿನ ದಿನ ಅಂತೂ ಜಾತ್ರೆ. ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದ್ದಕ್ಕೆ ಬೇಕಾಗಿದ್ದಕ್ಕಿಂತ ಜಾಸ್ತಿ ಜನ, ಕುಡ್ಲೇ ಸಾಲಲಿಲ್ಲ. ಅಜ್ಜಿ ಪ್ರತಿಯೊಬ್ಬರಿಗೂ ಹೇಳ್ಕೊಟ್ರು: ಎಡಗೈಲಿ ಒಂದು ಹಿಡಿ ಪೈರು ಬುಡಕ್ಕೆ ಹಿಡ್ಕೊ, ಕುಡ್ಲು ನೆಲಕ್ಕೆ ತಾಗೋ ಹಾಗೆ ಹಾಕಿ ನಿನ್ನ ಕಡೆಗೆ ಎಳ್ಕೊ, ಕಾಲು ಪಕ್ಕಕ್ಕಿರಲಿ, ಮೇಲೆ ಮೇಲೆ ಕೊಯ್ದು ಅರ್ಧ ಹುಲ್ಲು ಹೊಲದಲ್ಲೇ ಬಿಡ್ಬೇಡ. ಯಾಕಂದ್ರೆ ರಾಗಿ ಹುಲ್ಲು ದನಕ್ಕೆ ಒಳ್ಳೆ ಮೇವು, ಅಜ್ಜಿ ಮನೇಲಿ ಎರಡು ಸೀಮೆಹಸು ಇದಾವೆ, ನಮ್ಮ ಹುಲ್ಲು ಅವಕ್ಕೆ ಅಂತ ಬಿತ್ತನೆ ದಿನವೇ ಮಾತಾಗಿತ್ತು. ಕೊಯ್ದಿದ್ದನ್ನ ತೆನೆಗಳೆಲ್ಲ ಒಂದೇ ಕಡೆ ಬರೋ ಹಾಗೆ ಅರಿ ಹಾಕ್ಬೇಕು, ಅಂದ್ರೆ ನೆಲದ ಮೇಲೆ ಸಾಲಾಗಿ ಮಲಗಿಸ್ಬೇಕು, ಅರಿ ದಾಟಬಾರ್ದು, ಸುತ್ತಿಕೊಂಡು ಹೋಗ್ಬೇಕು. ಒಬ್ಬ ಹುಡುಗ ಅರಿ ಮೇಲೆ ನಡ್ಕೊಂಡು ಹೋಗಿ ರೀಲ್ ಮಾಡ್ತಿದ್ದ, ಅಜ್ಜಿ "ಏ ಅಪ್ಪಯ್ಯ, ಅನ್ನದ ಮೇಲೆ ಕಾಲಿಡ್ತೀಯಲ್ಲೋ" ಅಂದಿದ್ದು ಆ ರೀಲ್‌ನಲ್ಲೇ ರೆಕಾರ್ಡ್ ಆಗಿದೆ. ಹತ್ತೂವರೆ ಹನ್ನೊಂದರ ಹೊತ್ತಿಗೆ ಬಿಸಿಲೇರ್ತು, ರಾಗಿ ಗರಿ ತರಚಿದ ಕಡೆಯೆಲ್ಲ ಬೆವರು ಬಿದ್ದು ಉರಿ, ಸೊಂಟ ಹಿಡ್ಕೊಂಡು ಒಬ್ಬೊಬ್ಬರೇ ಬೇವಿನ ಮರದ ಕೆಳಗೆ. ಮುದ್ದೆ, ಬಸ್ಸಾರು, ಮಜ್ಜಿಗೆ. ಮಧ್ಯಾಹ್ನ ಎರಡಕ್ಕೆಲ್ಲ ಹೊಲ ಖಾಲಿ, ರೋಡಿನಲ್ಲಿ ಕಾರೂ ಖಾಲಿ.

ಇಲ್ಲಿಗೆ ಕೆಲಸ ಮುಗೀತು ಅಂತ ಬಂದವರೆಲ್ಲ ಅಂದ್ಕೊಂಡ್ರು. ಹಳ್ಳಿಯವರ ಪ್ರಕಾರ ನಿಜವಾದ ಕೆಲಸ ಶುರುವಾಗೋದೇ ಇಲ್ಲಿಂದ. ಅರಿ ಕೆಲವು ದಿನ ಹೊಲದಲ್ಲೇ ಒಣಗ್ಬೇಕು, ಆಮೇಲೆ ಕಟ್ಟು ಕಟ್ಟಿ ಒಂದು ಕಡೆ ಮೆದೆ ಹಾಕ್ಬೇಕು, ಆಮೇಲೆ ಒಕ್ಕಬೇಕು, ಅಂದ್ರೆ ತೆನೆಯಿಂದ ಕಾಳು ಬಿಡಿಸ್ಬೇಕು, ತೂರಬೇಕು, ಜರಡಿ ಹಿಡಿದು ಕಲ್ಲು ಮಣ್ಣು ತೆಗೀಬೇಕು, ಒಣಗಿಸ್ಬೇಕು, ಚೀಲ ತುಂಬ್ಬೇಕು. ಮೊದಲೆಲ್ಲ ಮೆದೆ ಹಾಕಿ ಸಂಕ್ರಾಂತಿ ಕಳೆದ ಮೇಲೆ ನಿಧಾನಕ್ಕೆ ಒಕ್ತಿದ್ರಂತೆ, ಅಷ್ಟು ಹೊತ್ತಿಗೆ ತೆನೆ ಚೆನ್ನಾಗಿ ಒಣಗಿ ಕಾಳು ಸಲೀಸಾಗಿ ಬಿಡುತ್ತೆ, ಮಳೆ ಭಯವೂ ಇರಲ್ಲ, ಗಾಳಿಯೂ ಸಿಗುತ್ತೆ. ನಮ್ಮ ಕಡೆ ಈಗ ಅಷ್ಟು ದಿನ ಮೆದೆ ಬಿಡೋಕೆ ಧೈರ್ಯ ಇಲ್ಲ. ಇಲಿ ಹೆಗ್ಗಣ ಒಂದು ಕಡೆ, ಯಾರೋ ಬೀಡಿ ಸೇದಿ ಎಸೆದು ಹೋದ್ರೆ ಕಥೆ ಮುಗೀತು, ರಾತ್ರಿ ಕಾಯೋಕೆ ಯಾರಿದಾರೆ. ಮೇಲಿಂದ ಸೈಕ್ಲೋನು. 2021ರ ನವೆಂಬರ್ ಮಳೆ ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಏನು ಮಾಡ್ತು ಅಂತ ನಿಮ್ಮ ಓದುಗರಿಗೆ ನೆನಪಿರಬೇಕು, ಕೊಯ್ಲಿಗೆ ಬಂದ ರಾಗಿ ನೆಲಕ್ಕೆ ಮಲಗಿ ತೆನೆಯಲ್ಲೇ ಮೊಳಕೆ. 2024ರಲ್ಲಿ ಫೆಂಗಲ್ ಸೈಕ್ಲೋನ್ ಬಂದಿದ್ದೂ ಸರಿಯಾಗಿ ನವೆಂಬರ್ ಕೊನೆ, ಡಿಸೆಂಬರ್ ಮೊದಲು, ಅಂದ್ರೆ ಅರ್ಧ ಬೆಳೆ ಹೊಲದಲ್ಲಿ ಅರ್ಧ ಅರಿಯಲ್ಲಿ ಇರೋ ಟೈಮು. ಹಾಗಾಗಿ ಕೊಯ್ದ ತಕ್ಷಣ ಒಣಗಿಸಿ ಒಕ್ಕಿ ಮುಗಿಸಿಬಿಡಬೇಕು ಅನ್ನೋ ಅವಸರ ಎಲ್ಲರಿಗೂ.

ಒಕ್ಕೋದು ಸರಿ, ಎಲ್ಲಿ ಒಕ್ಕೋದು?

ಅಜ್ಜಿ ಕೊಯ್ಲಿನ ದಿನವೇ ಕೇಳಿದ್ರು, "ಕುಯ್ದಿದ್ದೇನೋ ಆಯ್ತು ಕಣವ್ವ, ಒಕ್ಕೋಕೆ ಯಾರು ಬತ್ತಾರೆ, ನಿಮ್ ಕಂಪ್ನಿ ರಜಾ ಕೊಡ್ತದಾ?" ರಜಾ ಹೇಗೋ ಹೊಂದಿಸ್ಕೊಂಡ್ವಿ. ಜಾಗ ಮಾತ್ರ ಹೊಂದಲಿಲ್ಲ. ಒಂದು ಅಪಾರ್ಟ್‌ಮೆಂಟಿನ ಟೆರೇಸ್ ಕೇಳಿದ್ವಿ, ಧೂಳು ಬರುತ್ತೆ, ಲಿಫ್ಟ್ ಕೆಡುತ್ತೆ, ಸೋಲಾರ್ ಪ್ಯಾನೆಲ್ ಇದೆ ಅಂದ್ರು. ಬ್ಯಾಸ್ಕೆಟ್‌ಬಾಲ್ ಕೋರ್ಟ್ ಎರಡು ದಿನ ಕೊಡಿ ಅಂದ್ವಿ, ಅದಕ್ಕೆ ಮೀಟಿಂಗ್ ಕರೆದು ಮುಂದಿನ ತಿಂಗಳು ಹೇಳ್ತೀವಿ ಅಂದ್ರು. ರಾಗಿ ಹುಲ್ಲಿನ ಧೂಳು ಮೈಗೆ ಹತ್ತಿದ್ರೆ ಎಂಥ ನವೆ ಅಂತ ಗೊತ್ತಿರೋದ್ರಿಂದ ಅವರ ಮೇಲೆ ನಂಗೆ ಪೂರ್ತಿ ಸಿಟ್ಟೂ ಇಲ್ಲ ಬಿಡಿ. ಕೊನೆಗೆ ಹೊಲದಲ್ಲೇ ಒಂದು ಮೂಲೆ ಗುಡಿಸಿ ಟಾರ್ಪಾಲ್ ಹಾಸಿ ಕೋಲಲ್ಲಿ ಬಡಿದ್ವಿ. ಬಡಿದಷ್ಟು ಹೊತ್ತೂ ಟಾರ್ಪಾಲ್ ಜರುಗುತ್ತೆ, ಹರಿಯುತ್ತೆ, ಹರಿದ ಕಡೆಯಿಂದ ಮಣ್ಣು ಮೇಲೆ ಬರುತ್ತೆ. ನಮ್ಮ ಕಡೆ ಕೆಮ್ಮಣ್ಣು, ಅದರಲ್ಲಿರೋ ಸಣ್ಣ ಹರಳು ಹೆಚ್ಚೂ ಕಮ್ಮಿ ರಾಗಿ ಕಾಳಿನಷ್ಟೇ ಗಾತ್ರ, ಅದೇ ಬಣ್ಣ, ಜರಡಿಯಲ್ಲೂ ಇಳಿಯುತ್ತೆ, ಮೊರದಲ್ಲಿ ಕೇರಿದ್ರೂ ಪೂರ್ತಿ ಹೋಗಲ್ಲ. ಅಂಥ ಹಿಟ್ಟಿನ ಮುದ್ದೆಯನ್ನ ನುಂಗೋಕೆ ಬರೋರು ಹೇಗೋ ನುಂಗ್ತಾರೆ, ಮುದ್ದೆ ಅಗಿದು ತಿನ್ನೋ ನಮ್ಮಂಥವರಿಗೆ ಹಲ್ಲಿನ ಕೆಳಗೆ ಕರಕ್ ಅಂದಾಗ ಗೊತ್ತಾಗುತ್ತೆ.

ನಮ್ಮದೇನೋ ಹವ್ಯಾಸ, ಕಲ್ಲು ಬಂದ್ರೆ ನಮ್ಮ ಮನೆ ಹಿಟ್ಟಿಗೆ ತಾನೆ ಬಂತು ಅಂತ ಸುಮ್ಮನಾಗಬಹುದು. ಆದ್ರೆ ಅಕ್ಕಪಕ್ಕ ಇನ್ನೂ ರಾಗಿ ಬೆಳೀತಿರೋ ಕುಟುಂಬಗಳು ಇದಾವಲ್ಲ, ಅವರು ಸರ್ಕಾರದ ಖರೀದಿ ಕೇಂದ್ರಕ್ಕೆ ಹಾಕ್ಬೇಕು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲ್‌ಗೆ 4,886 ರೂಪಾಯಿ, ಹಿಂದಿನ ವರ್ಷ 4,290 ಇತ್ತು, ಅಂದ್ರೆ ಬೆಲೆ ಪರವಾಗಿಲ್ಲ. ಆದ್ರೆ ಅಲ್ಲಿ ಮಣ್ಣು ಕಲ್ಲು ಇದ್ರೆ, ಹಸಿ ಇದ್ರೆ ತಗೊಳ್ಳಲ್ಲ, ವಾಪಸ್. ವಾಪಸ್ ಬಂದ ರಾಗಿಯನ್ನ ದಲ್ಲಾಳಿ ಹೇಳಿದ ರೇಟಿಗೆ ಕೊಡ್ಬೇಕು. ಹಾಗಾಗಿ ಅವರೆಲ್ಲ ಮಾಡೋದು ಒಂದೇ, ಟಾರು ರೋಡಿಗೆ ಹಾಸೋದು.

ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್ ಕಡೆ ಡಿಸೆಂಬರ್ ಜನವರಿಯಲ್ಲಿ ಬೈಕಲ್ಲಿ ಓಡಾಡಿದವರಿಗೆ ಇದನ್ನ ವಿವರಿಸೋದೇ ಬೇಡ. ತಿರುವು ದಾಟಿದ ತಕ್ಷಣ ರೋಡ್ ಮೇಲೆ ಮಂಡಿಯುದ್ದ ರಾಗಿ ಹುಲ್ಲು, ಹುರುಳಿ ಸೊಪ್ಪು, ಎರಡೂ ಕಡೆ ಕಲ್ಲು ಇಟ್ಟಿರ್ತಾರೆ, ಬ್ರೇಕ್ ಹಿಡಿದ್ರೆ ಬೈಕ್ ಜಾರುತ್ತೆ, ಕಾರಾದ್ರೆ ಹುಲ್ಲು ಅಡಿಗೆ ಸುತ್ಕೊಂಡು ಬೆಂಕಿ ಹತ್ತಿದ್ದೂ ಉಂಟು. ಪ್ರತಿ ವರ್ಷ ಪೊಲೀಸ್ನೋರು, ತಹಶೀಲ್ದಾರ್ರು ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ, ಕೇಸ್ ಹಾಕ್ತೀವಿ ಅಂತಾರೆ, ಪ್ರತಿ ವರ್ಷ ಜನ ಮಾಡ್ತಾರೆ. ಓದುಗರ ಪತ್ರಗಳಲ್ಲೂ ನೋಡಿದ್ದೀನಿ, ರೈತರಿಗೆ ಬುದ್ಧಿ ಇಲ್ವಾ, ರೋಡೇನು ಅವರಪ್ಪಂದಾ ಅಂತೆಲ್ಲ. ಬಿದ್ದವರ ಕೋಪ ನ್ಯಾಯವೇ, ಕೈಕಾಲು ಮುರ್ಕೊಂಡವನಿಗೆ ರೈತನ ಕಷ್ಟ ಕೇಳು ಅನ್ನೋಕಾಗಲ್ಲ. ಆದ್ರೆ ರೋಡಿಗೆ ಹಾಕ್ಬೇಡ ಅಂದ ಮೇಲೆ ಎಲ್ಲಿಗೆ ಹಾಕು ಅಂತ ಹೇಳೋದು ಯಾರ ಕೆಲಸ? ಆ ಅರ್ಧ ಮಾತನ್ನ ಯಾವ ಆಫೀಸರ್ ಬಾಯಲ್ಲೂ ನಾನು ಕೇಳಿಲ್ಲ.

ಹಿಂದೆ ಎಲ್ಲಿ ಒಕ್ತಿದ್ರು ಅಂತ ಅಜ್ಜಿಯನ್ನ ಕೇಳಿದ್ರೆ ಕೈ ಎತ್ತಿ ತೋರ್ಸೋದು ಈಗಿನ ಒಂದು ಲೇಔಟ್ ಕಡೆಗೆ. ಅಲ್ಲಿ ದೊಡ್ಡ ಹಾಸುಬಂಡೆ ಇತ್ತಂತೆ. ಬೆಂಗಳೂರು, ರಾಮನಗರ, ಕೋಲಾರ ಈ ಸೀಮೆಯಲ್ಲಿ ಬಂಡೆಗೇನು ಬರ, ಊರಿಗೊಂದು ಹಾಸುಬಂಡೆ ಇದ್ದರೆ ಅದೇ ಕಣ, ಗುಡಿಸಿದ್ರೆ ಸಾಕು, ಮಣ್ಣಿನ ಮಾತೇ ಇಲ್ಲ, ಬಿಸಿಲಿಗೆ ಕಾದ ಬಂಡೆ ಮೇಲೆ ಕಾಳು ಅರ್ಧ ದಿನಕ್ಕೆ ಒಣಗುತ್ತೆ. ಬಂಡೆ ಇಲ್ಲದ ಕಡೆ ಹೊಲದ ಮೂಲೆಯಲ್ಲಿ ನೆಲ ಕೆತ್ತಿ, ನೀರು ಹಾಕಿ, ಗಟ್ಟಿ ಮಾಡಿ ಸಗಣಿ ಸಾರಿಸಿ, ಮಧ್ಯೆ ಮೇಟಿ ಕಂಬ ನೆಟ್ಟು, ಎತ್ತು ಕಟ್ಟಿ ತೆನೆ ಮೇಲೆ ಕಲ್ಲಿನ ಗುಂಡು ಉರುಳಿಸ್ತಿದ್ರು. ಚಪ್ಪಲಿ ಹಾಕ್ಕೊಂಡು ಕಣಕ್ಕೆ ಇಳಿಯೋ ಹಾಗಿಲ್ಲ. ರಾಶಿ ಆದ ಮೇಲೆ ಸಗಣಿ ಬೆನಕನಿಗೆ ಗರಿಕೆ ಸಿಕ್ಕಿಸಿ ಪೂಜೆ, ಆಮೇಲೆ ಅಳೆಯೋದು, ಮೊದಲನೇ ಕೊಳಗಕ್ಕೆ ಒಂದು ಅನ್ನಲ್ಲ, ಲಾಭ ಅಂತಾರೆ, ಲಾಭ, ಎರಡು, ಮೂರು ಹೀಗೆ. ನಮ್ಮ ಟಾರ್ಪಾಲ್ ರಾಶಿಯನ್ನ ಚೀಲಕ್ಕೆ ತುಂಬೋವಾಗಲೂ ಅಜ್ಜಿ ಹಾಗೇ ಎಣಿಸಿದ್ರು, ಪಕ್ಕದಲ್ಲಿದ್ದ ಚಾರ್ಟರ್ಡ್ ಅಕೌಂಟೆಂಟ್ ಒಬ್ರು ಈ ಲೆಕ್ಕ ನಮ್ಮ ಆಫೀಸಲ್ಲಿ ನಡೆಯಲ್ಲ ಅಂತ ನಕ್ಕಿದ್ದೇ ನಕ್ಕಿದ್ದು.

ಆ ಬಂಡೆಗಳೆಲ್ಲ ಒಂದೋ ಜಲ್ಲಿ ಕ್ರಷರ್‌ಗೆ ಹೋದ್ವು, ಇಲ್ಲ ಸೈಟ್ ಆದ್ವು. ಹೊಲದ ಮೂಲೆಯಲ್ಲಿ ಕಣ ಮಾಡೋಕೆ ಎತ್ತಿಲ್ಲ, ಸಗಣಿಗೆ ನಾಟಿ ದನ ಇಲ್ಲ, ಕೂಲಿಗೆ ಜನ ಇಲ್ಲ. ಮಷೀನ್ ಇದೆಯಲ್ಲ ಅನ್ನೋರು ಇರ್ತಾರೆ. ಇದೆ. ದೊಡ್ಡ ಹಿಡುವಳಿಗೆ ಕಂಬೈನ್ ಹಾರ್ವೆಸ್ಟರ್ ಬಂದು ಗಂಟೆ ಲೆಕ್ಕದಲ್ಲಿ ಕೊಯ್ದು ಒಕ್ಕಿ ಕೊಟ್ಟು ಹೋಗುತ್ತೆ, ಕೋಲಾರ ತುಮಕೂರಿನ ಬಯಲಲ್ಲಿ ಅದು ಸರಿ. ನಮ್ಮಲ್ಲಿ ಕಾಂಪೌಂಡ್‌ಗಳ ಮಧ್ಯೆ ಉಳಿದಿರೋ ಒಂದು ಎಕರೆ, ಅರ್ಧ ಎಕರೆ ತುಂಡುಗಳಿಗೆ ಅದು ನುಗ್ಗೋದೇ ಇಲ್ಲ, ನುಗ್ಗಿದ್ರೂ ಅಕ್ಕಡಿ ಸಾಲಿನ ಅವರೆ ತೊಗರಿ ಎಲ್ಲ ಹಾಳು, ಹುಲ್ಲು ಪುಡಿಪುಡಿ, ದನ ಇರೋರಿಗೆ ಅದು ನಷ್ಟವೇ. ಸಣ್ಣ ಒಕ್ಕಣೆ ಮಷೀನ್ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತೆ, ಆದ್ರೆ ಅದನ್ನ ತಂದು ನಿಲ್ಲಿಸೋಕೂ ಗಟ್ಟಿ ನೆಲ ಬೇಕು, ಕಾಳು ಒಣಗಿಸೋಕೆ ಅಂಗಳ ಬೇಕು. ತಿರುಗಿ ತಿರುಗಿ ಅಲ್ಲಿಗೇ ಬರುತ್ತೆ.

ಗ್ರಾಮ ಪಂಚಾಯಿತಿ ಇರೋ ಕಡೆ ಒಂದು ದಾರಿ ಇತ್ತು, ನರೇಗಾದಲ್ಲಿ ಎಷ್ಟೋ ಊರಿನವರು ಕಾಂಕ್ರೀಟ್ ಒಕ್ಕಣೆ ಕಣ ಕಟ್ಟಿಸ್ಕೊಂಡಿದ್ದಾರೆ. ನಾವಿರೋ ಊರು ಮಾತ್ರ 2007ರಲ್ಲಿ ಬಿಬಿಎಂಪಿಗೆ ಸೇರಿಸಿದ 110 ಹಳ್ಳಿಗಳಲ್ಲಿ ಒಂದು. ಸೇರಿದ ದಿನದಿಂದ ಪಂಚಾಯಿತಿ ಹೋಯ್ತು, ನರೇಗಾ ಇಲ್ಲ, ಕಾವೇರಿ ನೀರಿಗೂ ಚರಂಡಿಗೂ ವರ್ಷಗಟ್ಟಲೆ ಕಾದಿದ್ದಾಯ್ತು, ಕಣ ಅಂತ ಕೇಳಿದ್ರೆ ವಾರ್ಡ್ ಆಫೀಸಿನಲ್ಲಿ ಮುಖ ಮುಖ ನೋಡ್ತಾರೆ. ಕೃಷಿ ಇಲಾಖೆಗೆ ಹೋದ್ರೆ ನೀವು ಪಾಲಿಕೆ ವ್ಯಾಪ್ತಿ ಅಂತಾರೆ, ಪಾಲಿಕೆಗೆ ಹೋದ್ರೆ ಇದು ಕೃಷಿ ಅಂತಾರೆ. ಈಗ ಬಿಬಿಎಂಪಿಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಐದು ಪಾಲಿಕೆ ಆಗಿದೆ, ಮುಂದೆ ಇನ್ನಷ್ಟು ಹಳ್ಳಿ ಸೇರಿಸೋ ಮಾತೂ ಕೇಳ್ತಿದ್ದೀವಿ. ಸೇರಿಸ್ಕೊಳ್ಳೋವಾಗ ಎಷ್ಟು ತೆರಿಗೆ ಬರುತ್ತೆ ಅಂತ ನೋಡೋ ಹಾಗೆ, ಅಲ್ಲಿ ಇನ್ನೂ ಯಾರು ಏನು ಬೆಳೀತಿದ್ದಾರೆ, ಅವರಿಗೇನು ಬೇಕು ಅಂತಲೂ ಒಂದು ಸಲ ನೋಡಿ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಹೊರವಲಯದ ಪ್ರತಿ ವಾರ್ಡಿಗೆ ಬೇಡ, ರಾಗಿ ಇನ್ನೂ ಬೆಳೀತಿರೋ ನಾಲ್ಕೈದು ಊರಿಗೆ ಒಂದರಂತೆ ಕಾಲು ಎಕರೆಯ ಒಂದು ಕಾಂಕ್ರೀಟ್ ಅಂಗಳ, ಒಂದು ಕಡೆ ಶೀಟ್ ಹಾಕಿದ ನೆರಳು, ನೀರು, ಒಂದು ಲೈಟು, ಮಷೀನ್‌ಗೆ ಕರೆಂಟು. ನಾಗರಿಕ ಸೌಲಭ್ಯ ಅಂತ ಬಿಟ್ಟ ನಿವೇಶನಗಳು ಎಷ್ಟೋ ಕಡೆ ಪಾರ್ಥೇನಿಯಂ ಬೆಳೆದು ಕಸದ ಗುಡ್ಡೆಯಾಗಿ ಬಿದ್ದಿವೆ, ಅದರಲ್ಲಿ ಮಾಡಬಹುದು. ವರ್ಷದಲ್ಲಿ ಎರಡು ಮೂರು ತಿಂಗಳು ಒಕ್ಕಣೆ, ಆಮೇಲೆ ಹುರುಳಿ, ಅವರೆ, ಹುಣಸೆಹಣ್ಣು ಒಣಗಿಸೋಕೆ, ಉಳಿದ ದಿನ ಹುಡುಗ್ರು ಕ್ರಿಕೆಟ್ ಆಡ್ಲಿ, ವಾರಕ್ಕೊಂದು ಸಂತೆ ಆಗ್ಲಿ, ಖಾಲಿ ಅಂತೂ ಇರಲ್ಲ. ಶಾಲೆ ಮೈದಾನ ತಗೊಳ್ಳಿ ಅಂತ ಕೆಲವರು ಹೇಳ್ತಾರೆ, ನನಗೆ ಅದು ಬೇಡ ಅನ್ನಿಸುತ್ತೆ, ಆ ಧೂಳಿನಲ್ಲಿ ಮಕ್ಕಳು ಕೆಮ್ತಾ ಕೂರೋದು ಸರಿಯಲ್ಲ. ಬೀಗದ ಕೈ ಮಾತ್ರ ಯಾವುದೋ ಕಂಟ್ರಾಕ್ಟರ್ ಕೈಗೆ ಕೊಡ್ಬೇಡಿ, ಊರಿನ ಸ್ತ್ರೀಶಕ್ತಿ ಸಂಘಕ್ಕೆ ಕೊಡಿ, ಚೀಲಕ್ಕಿಷ್ಟು ಅಂತ ಸಣ್ಣ ಬಾಡಿಗೆ ಇಟ್ಕೊಂಡು ಅವರೇ ನಡೆಸ್ತಾರೆ.

ಬೆಂಗಳೂರಲ್ಲಿ ಗುಂಟೆಗೆ ಲಕ್ಷ ಲಕ್ಷ ಇರೋವಾಗ ಕಣಕ್ಕೆ ಜಾಗ ಕೇಳ್ತೀರಲ್ಲ, ಹತ್ತು ವರ್ಷಕ್ಕೆ ಅಲ್ಲಿ ರಾಗಿ ಇರುತ್ತಾ ಅಂತ ನಮ್ಮ ಗ್ರೂಪಿನಲ್ಲೇ ಒಬ್ರು ಕೇಳಿದ್ರು. ಇರಲ್ಲ ಅಂತ ಮೊದಲೇ ತೀರ್ಮಾನ ಮಾಡಿ ಏನೂ ಕೊಡದೆ ಇದ್ರೆ ಖಂಡಿತ ಇರಲ್ಲ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಬಿಡಲ್ಲ ಅಂತ ವರ್ಷಗಟ್ಟಲೆ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರವೇ ಆ ಭೂಸ್ವಾಧೀನ ಕೈಬಿಟ್ಟಿದ್ದನ್ನ ನೀವೇ ಮುಖಪುಟದಲ್ಲಿ ಹಾಕಿದ್ರಿ. ವಿಮಾನ ನಿಲ್ದಾಣದ ಪಕ್ಕದ ಜಮೀನಿಗೆ ಎಂಥ ರೇಟ್ ಬರುತ್ತೆ ಅಂತ ಗೊತ್ತಿದ್ದೂ ಬೇಸಾಯ ಮಾಡ್ತೀವಿ ಅಂದವರು ಅವರು. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದ್ದೇ, ಅದರಲ್ಲಿ ಬೆಂಗಳೂರಿನ ಸುತ್ತಲಿನ ಜಿಲ್ಲೆಗಳ ಪಾಲು ಸಣ್ಣದೇನಲ್ಲ. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಮೇಳದ ಮೇಲೆ ಮೇಳ ಆಯ್ತು, ರಾಗಿ ಕುಕ್ಕಿ, ರಾಗಿ ಪಿಜ್ಜಾ, ರಾಗಿ ಐಸ್‌ಕ್ರೀಮ್ ಎಲ್ಲ ತಿಂದ್ವಿ, ಆ ಪೆಂಡಾಲ್ ದುಡ್ಡಲ್ಲಿ ಒಂದೆರಡು ಕಣ ಆಗ್ತಿತ್ತೋ ಏನೋ.

ಇನ್ನು ನಮ್ಮಂಥ ಸಿಟಿ ಜನಕ್ಕೆ, ಮುಖ್ಯವಾಗಿ ಕೊಯ್ಲಿಗೆ ಅಂತ ಬಂದು ಹೋದವರಿಗೆ ಒಂದು ಮಾತು. ಕೊಯ್ಲಿಗೆ ಐವತ್ತು ಜನ ಬಂದ್ರೆ ಅಜ್ಜಿಗೆ ಹೇಳ್ಕೊಡೋದೇ ಕೆಲಸ ಆಗುತ್ತೆ, ಒಕ್ಕೋ ದಿನ ಹತ್ತು ಜನ ಬಂದ್ರೂ ಬಂಗಾರ. ಆವತ್ತು ಬಸ್ಸಾರು ಇರುತ್ತೋ ಇಲ್ವೋ ಹೇಳೋಕಾಗಲ್ಲ, ಧೂಳಂತೂ ಇರುತ್ತೆ, ತಲೆಗೆ ಬಟ್ಟೆ ಕಟ್ಕೊಂಡು ತುಂಬು ತೋಳಿನ ಅಂಗಿ ಹಾಕ್ಕೊಂಡು ಬನ್ನಿ. ತೂರೋದು ನೋಡೋಕೆ ಸುಲಭ, ಮಾಡಿ ನೋಡಿ: ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ಗೊತ್ತಾಗದೆ ಮೊರ ಎತ್ತಿದ್ರೆ ಹೊಟ್ಟೆಲ್ಲ ನಿಮ್ಮ ಮುಖಕ್ಕೇ. ಮೊರವನ್ನ ತಲೆ ಮಟ್ಟಕ್ಕೆ ಹಿಡಿದು ಸಣ್ಣಗೆ ಅಲ್ಲಾಡಿಸ್ತಾ ಬಿಡ್ಬೇಕು, ಕಾಳು ನೇರ ಕಾಲ ಹತ್ತಿರ ಬೀಳುತ್ತೆ, ಹೊಟ್ಟು ಸ್ವಲ್ಪ ಆಚೆ, ಧೂಳು ಇನ್ನೂ ಆಚೆ. ಗಾಳಿ ನಿಂತ್ರೆ ನೀವೂ ನಿಂತ್ಕೊಂಡು ಕಾಯ್ಬೇಕು, ಅರ್ಜೆಂಟ್ ಕಾಲ್ ಇದೆ ಅಂದ್ರೆ ಗಾಳಿ ಕೇಳಲ್ಲ. ಇದನ್ನ ಒಂದು ಬೆಳಗ್ಗೆ ಮಾಡಿದವರು ಅಂಗಡಿಯಲ್ಲಿ ರಾಗಿ ಹಿಟ್ಟಿನ ರೇಟಿಗೆ ಚೌಕಾಸಿ ಮಾಡೋದು ಸ್ವಲ್ಪ ಕಮ್ಮಿ ಮಾಡ್ತಾರೆ, ನಮ್ಮ ಗುಂಪಿನಲ್ಲೇ ನೋಡಿದ್ದೀನಿ.

ನಿಮ್ಮ ಪತ್ರಿಕೆಗೆ ನನ್ನ ಕೋರಿಕೆ ಏನಂದ್ರೆ, ಕೊಯ್ಲಿನ ಫೋಟೊ ಜೊತೆಗೆ ಈ ಸಲ ಒಬ್ಬ ವರದಿಗಾರರನ್ನ ಮಾಗಡಿ ರೋಡ್, ನೆಲಮಂಗಲ, ಹೊಸಕೋಟೆ, ಆನೇಕಲ್ ಕಡೆ ಒಂದು ಸುತ್ತು ಕಳಿಸಿ. ಯಾವ ಯಾವ ರೋಡ್ ಕಣ ಆಗಿದೆ, ಪಕ್ಕದಲ್ಲಿ ಯಾವ ಸರ್ಕಾರಿ ಜಾಗ ಖಾಲಿ ಬಿದ್ದಿದೆ ಅಂತ ಒಂದೇ ಪುಟದಲ್ಲಿ ಹಾಕಿ. ಆಮೇಲೆ ಐದೂ ಪಾಲಿಕೆಯ ಕಮಿಷನರ್‌ಗಳನ್ನ, ಕೃಷಿ ಇಲಾಖೆಯವರನ್ನ ಕೂಡಿಸಿ ಇದು ಯಾರ ಕೆಲಸ ಅಂತ ಕೇಳಿ, ಉತ್ತರ ಅಚ್ಚು ಹಾಕಿ. ಜಾಗ ಗುರುತಿಸೋಕೆ ಜೊತೆಗೆ ಓಡಾಡ್ಬೇಕು ಅಂದ್ರೆ ನಾವು ಬರ್ತೀವಿ, ಅಜ್ಜಿಯೂ ಬರ್ತಾರಂತೆ, ಆದ್ರೆ ಹಾಲು ಕರೆದು ಡೇರಿಗೆ ಹಾಕಿ ಎಂಟು ಗಂಟೆ ಮೇಲೆ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಳು
ಮಾಗಡಿ ರಸ್ತೆ, ಬೆಂಗಳೂರು